ಆರ್ಮಿದಾ ಆರಿಸಿಕೊಟ್ಟ ಕೋಲುಗಳು

ಆರ್ಮಿದಾ ನಮ್ಮೂರಿಗೆ ಬಂದಿಳಿದ ದಿನ ಎಲ್ವಿಯೋ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದ. ಎಡಗೆನ್ನೆ ಬೋಳಿಸಿ ಆಗಿತ್ತು, ಬಲಗೆನ್ನೆಯ ಮೇಲೆ ಇನ್ನೂ ಸೋಪಿನ ನೊರೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಒಂದು ಕೈಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ತಾಮ್ರದ ಪಾತ್ರೆ. ಕನ್ನಡಿಯಲ್ಲಿ ಅವಳನ್ನು ಕಂಡ ಎಲ್ವಿಯೋ ಎದ್ದ ರಭಸಕ್ಕೆ ನನ್ನ ಕತ್ತಿ ಅವನ ಕಿವಿಯನ್ನು ಕೂದಲೆಳೆಯಷ್ಟರಲ್ಲಿ ತಪ್ಪಿತು.

"ಯಾರವಳು?" ಎಂದಳು ಆರ್ಮಿದಾ.

"ಯಾರು ಯಾರವಳು?"

"ಮೂರು ವರ್ಷದಿಂದ ನಿನ್ನ ಇಲ್ಲಿ ಕಟ್ಟಿಹಾಕಿದ್ದಾಳಲ್ಲ, ಅವಳು. ಕರಿ, ನಾನೂ ಒಂದ್ಸಲ ಮುಖ ನೋಡ್ತೀನಿ."

ಅವರು ಆಡಿದ್ದು ತಮ್ಮೂರ ಭಾಷೆಯಲ್ಲಿ. ಅವತ್ತು ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆಮೇಲೆ ಗಂಡ ಒಂದು ಥರ, ಹೆಂಡತಿ ಒಂದು ಥರ ಈ ಕತೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ ಇಬ್ಬರ ಮಾತೂ ನನಗೆ ಬಾಯಿಪಾಠವಾಗಿದೆ.

ಅದು ಸಾವಿರದ ಒಂಬೈನೂರ ಎಪ್ಪತ್ತೊಂದರ ಅಕ್ಟೋಬರ್, ನಮ್ಮ ಕಡೆ ಬೇಸಿಗೆಗೆ ಮುಂಚಿನ ವಸಂತಕಾಲ. ವಿದ್ಯುತ್ ಯೋಜನೆಗಾಗಿ ಬೆಟ್ಟದಡಿ ಸುರಂಗ ತೋಡಲು ಇಟಲಿಯಿಂದ ಬಂದ ನೂರಾರು ಆಳುಗಳಿಂದ ನಮ್ಮ ತುರಾಂಗಿ ತುಂಬಿಹೋಗಿತ್ತು. ಎಲ್ವಿಯೋ ಅವರಲ್ಲಿ ಒಬ್ಬ. ಫ್ರಿಯೂಲಿ ಎಂಬ ಬೆಟ್ಟಸೀಮೆಯವನು, ಬಂಡೆ ಕೊರೆಯುವ ಕೆಲಸ, ತೊಡೆಯಷ್ಟು ದಪ್ಪ ತೋಳು. ಎರಡು ವರ್ಷ ದುಡಿದು ಬರುತ್ತೇನೆಂದು, ಮದುವೆಯಾಗಬೇಕಿದ್ದ ಆರ್ಮಿದಾಳಿಗೆ ಮಾತು ಕೊಟ್ಟು ಬಂದಿದ್ದ. ಎರಡು ವರ್ಷ ಮುಗಿದ ಮೇಲೆ ಅವನಿಂದ ಹೋದ ಕಾಗದಗಳಲ್ಲೆಲ್ಲ ಒಂದೇ ಸಾಲು: "ಇಲ್ಲಿ ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ." ಯಾವ ಹೆಣ್ಣಾದರೂ ಅದಕ್ಕೆ ಏನರ್ಥ ಮಾಡಿಕೊಳ್ಳುತ್ತಾಳೆ? ಆರ್ಮಿದಾ ತನ್ನ ಎರಡು ಹಸು ಮಾರಿ ಭೂಮಿಯ ಈ ದಕ್ಷಿಣ ತುದಿಗೆ ಬಂದಿದ್ದಳು.

ಎಲ್ವಿಯೋ ಕತ್ತಿನ ಸುತ್ತ ನನ್ನ ಟವೆಲ್, ಅರ್ಧ ಗಡ್ಡ ಹಾಗೇ ಇಟ್ಟುಕೊಂಡು ಅವಳ ಸೂಟ್‌ಕೇಸು ಎತ್ತಿ ಹೊಳೆಯ ಕಡೆ ನಡೆದ. ನಾನೂ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಹೊರಟೆ. ಅಂಥ ಹೊತ್ತಿನಲ್ಲಿ ಅಂಗಡಿಯಲ್ಲೇ ಕೂರುವವನು ಕ್ಷೌರಿಕನೇ ಅಲ್ಲ.

ಪಾದ್ರಿ ಮಡುವಿನ ಹತ್ತಿರ ಅವನು ನಿಂತ. ಹಿಂದೊಮ್ಮೆ ಒಬ್ಬ ಪಾದ್ರಿ ಅಲ್ಲಿ ಟೋಪಿ ಸಮೇತ ಬಿದ್ದಿದ್ದರಿಂದ ಆ ಹೆಸರು. ಈ ಕಡೆ ಬೆಣಚುಕಲ್ಲಿನ ದಡ. ಆ ಕಡೆ ನೀರಿನ ಮೇಲೆ ಬಾಗಿದ ವಿಲೋ ಮರಗಳು, ಅವುಗಳ ನೆರಳಲ್ಲಿ ಮೀನು. ಎರಡರ ನಡುವೆ ಹದಿನಾಲ್ಕು ಮಾರು ಸೆಳೆತದ ನೀರು.

"ಅಲ್ಲಿ ನೋಡು," ಎಂದ ಎಲ್ವಿಯೋ. ವಿಲೋ ಕೆಳಗೆ ಒಂದು ಕಂದು ಟ್ರೌಟ್ ಮೇಲೆದ್ದು, ಬಾಯಿ ತೆರೆದು ಏನನ್ನೋ ನುಂಗಿ ಮುಳುಗಿತು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ಹೆಚ್ಚೇ ಇತ್ತು.

ಆರ್ಮಿದಾ ಮೀನನ್ನು ನೋಡಿದಳು, ಅವನನ್ನು ನೋಡಿದಳು. "ಇದಕ್ಕಾ?"

"ಅಷ್ಟು ದೂರ ನನ್ನ ಗಾಳ ಹೋಗ್ತಿಲ್ಲ ಕಣೆ."

"ಮೂರು ವರ್ಷ. ಒಂದು ಮೀನಿಗೆ!"

"ಒಂದೇ ಅಲ್ಲ, ಅಲ್ಲಿ ತುಂಬ ಇವೆ."

ಆಗ ಅವಳು ಆ ತಾಮ್ರದ ಪಾತ್ರೆಯಿಂದ ಅವನ ಬೆನ್ನಿಗೆ ಹೊಡೆದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಹೊಡೆದ ಮೇಲೆ ಕಲ್ಲಿನ ಮೇಲೆ ಕೂತು ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆ ನೀರು ಪೂರ್ತಿ ನಗೆಯದೇ ಆಗಿರಲಿಲ್ಲ ಎಂದು ಅವಳು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ. ಹೆಣ್ಣೊಬ್ಬಳು ಇದ್ದಿದ್ದರೆ ಜಗಳ ಆಡಬಹುದಿತ್ತು, ಮೀನಿನ ಜೊತೆ ಏನು ಜಗಳ ಆಡಲಿ ಅಂತ.

ಕೊನೆಗೆ ತೀರ್ಪು ಕೊಟ್ಟಳು. "ಬೇಸಿಗೆ ಮುಗಿಯೋವರೆಗೂ ಇರ್ತೀನಿ. ಆ ದಡದ ಮೀನು ಒಂದು ಹಿಡಿ. ಹಿಡಿದ ದಿನವೇ ಗಂಟುಮೂಟೆ ಕಟ್ಟಿ ಊರಿಗೆ. ಹಿಡೀದಿದ್ರೆ ನಾನೊಬ್ಬಳೇ ಹೋಗ್ತೀನಿ."

ಆರ್ಮಿದಾ ಇಳಿದುಕೊಂಡದ್ದು ಹುಹಾನಾ ಅತ್ತೆಯ ಮನೆಯಲ್ಲಿ. ಹುಹಾನಾ ಈ ನೆಲದ ಮೂಲನಿವಾಸಿಗಳಾದ ಮಾವೊರಿ ಜನದ ಹೆಂಗಸು, ಆಗ ಐವತ್ತಾರರ ಪ್ರಾಯ, ಇಡೀ ಊರಿಗೆ ಅತ್ತೆ. ಅವಳ ಜನ ಊರ ಪಕ್ಕದ ಸರೋವರಕ್ಕೂ ಈ ಹೊಳೆಗೂ ಒಡೆಯರು. ನಮ್ಮ ಹೊಳೆಯಲ್ಲಿ ಅವಳಷ್ಟು ದೂರ ಗಾಳದ ಹುರಿ ಬೀಸುವವರು ಬೇರೆ ಯಾರೂ ಇರಲಿಲ್ಲ. ಆರ್ಮಿದಾಳ ತೀರ್ಪು ಕೇಳಿದ್ದೇ, ಎಲ್ವಿಯೋಗೆ ತಾನೇ ಕಲಿಸುತ್ತೇನೆಂದು ಸೊಂಟ ಕಟ್ಟಿ ನಿಂತಳು.

ಕಲಿಸುವುದು ಸುಲಭವಿರಲಿಲ್ಲ. ಎಲ್ವಿಯೋ ಆಗಲೇ ಮೂರು ಗಾಳದ ಕೋಲು ಮುರಿದಿದ್ದ. ನಮ್ಮ ಜನ ಅವನಿಗೆ ಕಡ್ಡಿಮುರುಕ ಎಂದೇ ಹೆಸರಿಟ್ಟಿದ್ದರು. ನಾಲ್ಕನೆಯದಾಗಿ ಬೇಸಿಲ್ ಟ್ವೀಡಿಯ ಅಂಗಡಿಯಿಂದ ಇದ್ದದ್ದರಲ್ಲೇ ಉದ್ದನೆಯ, ದಪ್ಪನೆಯ, ಒನಕೆಯಷ್ಟು ಬಿರುಸಾದ ಕೋಲು ತಂದಿದ್ದ. ಬಿರುಸಾದಷ್ಟೂ ದೂರ ಹೋಗುತ್ತದೆ ಎಂಬುದು ಅವನ ನಂಬಿಕೆ. ಈ ಬಗೆಯ ಬೇಟೆಯಲ್ಲಿ ಗಾಳಕ್ಕೆ ತೂಕವೇ ಇಲ್ಲ. ಗರಿ ಸುತ್ತಿ ಮಾಡಿದ ಹುಸಿನೊಣ ಅದು, ಉಫ್ ಎಂದರೆ ಹಾರಿಹೋಗುತ್ತದೆ. ತೂಕ ಇರುವುದು ಹುರಿಗೆ. ಕೋಲು ಬಾಗಿ ಮತ್ತೆ ನೆಟ್ಟಗಾಗುವಾಗ ಹುರಿಯನ್ನು ಎಸೆಯುತ್ತದೆ. ಬಾಗದ ಕೋಲು ಏನನ್ನು ಎಸೆದೀತು?

ರಗ್ಬಿ ಮೈದಾನದಲ್ಲಿ ಪ್ರತಿ ಶನಿವಾರ ಪಾಠ. ನಾನು ಬೇಲಿಗೆ ಒರಗಿ ನೋಡುತ್ತಿದ್ದೆ.

"ತಳ್ಳಬೇಡ್ವೋ!" ಹುಹಾನಾ ಕೂಗುತ್ತಿದ್ದಳು. "ಅದು ಬಂಡೆ ಅಲ್ಲ, ಗಾಳಿ. ಹಿಂದಕ್ಕೆ ಬೀಸಿ ನಿಲ್ಸು. ಹುರಿ ನಿನ್ನ ಬೆನ್ನ ಹಿಂದೆ ನೆಟ್ಟಗಾಗ್ಲಿ. ಆಮೇಲೆ ಮುಂದಕ್ಕೆ."

"ಎಷ್ಟೊತ್ತು ಕಾಯೋದು ಅತ್ತೆ?"

"ನಿನ್ನ ಹುಡುಗಿ ಮೂರು ವರ್ಷ ಕಾದಳಲ್ಲ, ನೀನು ಒಂದು ಉಸಿರು ಕಾಯಕ್ಕಾಗಲ್ವ?"

ಅವನು ಕಾಯುತ್ತಿರಲಿಲ್ಲ. ಹುರಿ ಅವನ ತಲೆಯ ಮೇಲೆಯೇ ಶ್ಯಾವಿಗೆಯ ಹಾಗೆ ಕುಸಿದು ಬೀಳುತ್ತಿತ್ತು. ಹುಲ್ಲಿನ ಮೇಲೆ ಕಾಲು ಚಾಚಿ ಸ್ವೆಟರ್ ಹೆಣೆಯುತ್ತಿದ್ದ ಆರ್ಮಿದಾ ಪ್ರತಿ ಸಲವೂ ನಗುತ್ತಿದ್ದಳು. ಮೂರನೆಯ ಶನಿವಾರ ಎಲ್ವಿಯೋ ತಾಳ್ಮೆಗೆಟ್ಟು ಕೋಲನ್ನು ಅವಳ ಮುಂದೆ ಹಿಡಿದ.

"ಅಷ್ಟು ಸಲೀಸು ಅನ್ಸಿದ್ರೆ ನೀನೇ ಬೀಸು, ನೋಡ್ತೀನಿ."

ಅವಳು ಹೆಣಿಗೆ ಕೆಳಗಿಟ್ಟು ಎದ್ದಳು. ಹನ್ನೊಂದನೆಯ ವಯಸ್ಸಿನಿಂದ ಬೆಟ್ಟದ ಇಳಿಜಾರಿನಲ್ಲಿ ಉದ್ದ ಹಿಡಿಯ ಹುಲ್ಲುಗತ್ತಿ ಬೀಸಿದವಳು. ಇಡೀ ದಿನ ಹುಲ್ಲು ಕೊಯ್ಯುವವರು ತೋಳಿನಿಂದ ಕೊಯ್ದರೆ ಮಧ್ಯಾಹ್ನಕ್ಕೇ ಬಿದ್ದುಹೋಗುತ್ತಾರೆ. ಕತ್ತಿ ತಾನಾಗಿ ಹೋಗುವಂತೆ ಬಿಟ್ಟು, ಅದು ಹಿಂದಿರುಗುವ ಹೊತ್ತಿಗೆ ಮೈ ತಿರುಗಿಸಬೇಕು. ಹಾಗೆಯೇ ಬೀಸಿದಳು. ಹುರಿ ಹಿಂದೆ ಹೋಯಿತು, ನಿಂತಿತು, ಮುಂದೆ ಬಂತು. ಎಲ್ವಿಯೋನ ಅತಿ ದೂರದ ಬೀಸಿನ ಗುರುತಿಗೆ ನೆಟ್ಟಿದ್ದ ಗೂಟಕ್ಕಿಂತ ಎರಡು ಹೆಜ್ಜೆ ಆಚೆ ಬಿತ್ತು.

ಆರ್ಮಿದಾ ಮಣಿಕಟ್ಟು ನೀವಿಕೊಳ್ಳುತ್ತ ಅಂದಳು, "ಈ ಕೋಲು ಸರಿ ಇಲ್ಲ. ನಾನು ಹೇಳಿದ್ದು ಕೇಳಲ್ಲ, ಅದು ಹೇಳೋದೂ ಇಲ್ಲ."

"ಕೋಲು ಏನೇ ಹೇಳುತ್ತೆ?" ಎಂದ ಎಲ್ವಿಯೋ.

ಹುಹಾನಾ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಬಾರಮ್ಮ," ಎಂದು ಆರ್ಮಿದಾಳ ಕೈ ಹಿಡಿದಳು. "ನಿನಗೊಂದು ಕೋಲು ನೋಡೋಣ."

ಬೇಸಿಲ್ ಟ್ವೀಡಿಯ ಅಂಗಡಿ ನನ್ನ ಅಂಗಡಿಯ ಪಕ್ಕದ್ದೇ. ನಡುವೆ ಒಂದು ಹಲಗೆಯ ಗೋಡೆ, ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತದೆ. ಬೇಸಿಲ್ ಒಳ್ಳೆಯವನು, ಆದರೆ ಅವನ ಅಂಗಡಿಗೆ ಹೋದವರೆಲ್ಲ ಒಂದೇ ರೀತಿ ಕೋಲು ಕೊಳ್ಳುತ್ತಿದ್ದರು: ಹಿಡಿ ಹಿಡಿದು ಎರಡು ಸಲ ಗಾಳಿಯಲ್ಲಿ ಅಲ್ಲಾಡಿಸಿ, "ಹೂಂ, ಚೆನ್ನಾಗಿದೆ," ಎಂದು ತಲೆಯಾಡಿಸಿ, ಹೊಳಪು ನೋಡಿ ತೆಗೆದುಕೊಳ್ಳುವುದು. ಆರ್ಮಿದಾಳನ್ನು ಕಂಡವನೇ ಅವನು ಗಾಜಿನ ಪೆಟ್ಟಿಗೆಯಿಂದ ಒಂದು ಪುಟ್ಟ ಕೋಲು ತೆಗೆದ. ಹಸಿರು ರೇಷ್ಮೆ ದಾರ ಸುತ್ತಿದ, ಬಹಳ ಚೆಂದದ ಕೋಲು.

"ಇದು ಹೆಂಗಸರಿಗೆ ಅಂತಲೇ ಮಾಡಿರೋದು," ಎಂದ.

ಎಲ್ವಿಯೋ ಅದನ್ನು ಅವಳಿಗೆ ತಿಳಿಸಿ ಹೇಳಿದ. ಅವಳ ಉತ್ತರವನ್ನು ಬೇಸಿಲ್‌ಗೆ ತಿಳಿಸಲು ಸ್ವಲ್ಪ ಹಿಂದೆಮುಂದೆ ನೋಡಿದ.

"ಏನಂತೆ?" ಎಂದ ಬೇಸಿಲ್.

"ನಿಮ್ಮೂರಲ್ಲಿ ಹೆಂಗಸರಿಗೆ ಹೊಳೇನೂ ಬೇರೆ, ಸಣ್ಣದು ಇದೆಯಾ ಅಂತ ಕೇಳ್ತಿದ್ದಾಳೆ."

ಹುಹಾನಾ ಹೊಟ್ಟೆ ಹಿಡಿದು ನಕ್ಕಳು. ಆರ್ಮಿದಾ ಗೋಡೆಗೆ ಒರಗಿಸಿದ್ದ ಐದು ಕೋಲುಗಳನ್ನು ಆರಿಸಿ, ಸೌದೆ ಹೊರೆಯಂತೆ ತೋಳಲ್ಲಿ ಅಪ್ಪಿಕೊಂಡು ಬಾಗಿಲ ಕಡೆ ಹೊರಟಳು. ಬೇಸಿಲ್ ಅಡ್ಡ ಬಂದ.

"ಅಯ್ಯೋ, ಮಾರಾಟವಾಗದ ಕೋಲು ಹೊಸ್ತಿಲು ದಾಟೋ ಹಾಗಿಲ್ಲ!"

"ಬೇಸಿಲ್, ಬೂಟು ತಗೊಳ್ಳೋವಾಗ ಕಾಲಿಗೆ ಹಾಕಿ ನೋಡ್ತೀಯೋ ಇಲ್ವೋ?" ಎಂದಳು ಹುಹಾನಾ.

"ನೋಡ್ತೀನಿ. ಅಂಗಡಿ ಒಳಗೇ ನೋಡ್ತೀನಿ."

"ಸರಿ. ನಿನ್ನ ಅಂಗಡಿ ಒಳಗೆ ಹದಿನಾಲ್ಕು ಮಾರು ಜಾಗ ಎಲ್ಲಿದೆ ತೋರ್ಸು, ಇಲ್ಲೇ ಬೀಸ್ತಾಳೆ."

ಬೇಸಿಲ್ ಅಂಗಡಿಯ ಸುತ್ತ ಒಮ್ಮೆ ಕಣ್ಣಾಡಿಸಿದ. ಆಮೇಲೆ ಟೋಪಿ ತೆಗೆದುಕೊಂಡು ತಾನೂ ಹೊರಟ, ಕೋಲುಗಳ ಕಾವಲಿಗೆ.

ಆ ಮಧ್ಯಾಹ್ನ ಮೈದಾನದಲ್ಲಿ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಆರ್ಮಿದಾ ಐದೂ ಕೋಲಿಗೆ ಒಂದೇ ರೀಲು, ಒಂದೇ ಹುರಿ ಹಾಕಿಸಿದಳು. ಹುರಿ ಬದಲಾದರೆ ಯಾವುದರ ಗುಣ ಯಾವುದೆಂದು ತಿಳಿಯುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮೊದಲನೆಯದು ಬಿದಿರ ಸೀಳುಗಳನ್ನು ಅಂಟಿಸಿ ಮಾಡಿದ್ದು. ಹತ್ತಿರಕ್ಕೆ ಬೆಣ್ಣೆಯ ಹಾಗೆ ಬೀಸಿತು, ಆದರೆ ದೂರ ಎಂದಾಗ ಗಾಳಿಗೆ ಸೋತು ತುದಿ ಓಲಾಡಿತು. ಎರಡನೆಯದೂ ಮೂರನೆಯದೂ ಎಲ್ವಿಯೋನ ಕೋಲಿನ ತಮ್ಮಂದಿರು. ನಾಲ್ಕನೆಯದನ್ನು ಒಂದೇ ಸಲ ಬೀಸಿ ಕೆಳಗಿಟ್ಟಳು.

ಐದನೆಯದು ಒಂಬತ್ತಡಿಯ ಫೈಬರ್ ಗ್ಲಾಸ್ ಕೋಲು. ಸಗಣಿಯ ಬಣ್ಣ, ಬೆಲೆಯ ಚೀಟಿ ಕಿತ್ತುಹೋಗಿತ್ತು. ಎರಡು ವರ್ಷದಿಂದ ಮೂಲೆ ಹಿಡಿದಿದ್ದರಿಂದ ಬೇಸಿಲ್ ಅದಕ್ಕೆ ಟೋಪಿ ನೇತುಹಾಕುತ್ತಿದ್ದ. ಆರ್ಮಿದಾ ಅದನ್ನು ಒಮ್ಮೆ ಬೀಸಿದಳು. ನಿಂತಳು. ಕಣ್ಣು ಮುಚ್ಚಿ ಮತ್ತೆ ಬೀಸಿದಳು.

"ಕಣ್ಣು ಯಾಕೆ ಮುಚ್ಚಿದ್ದೀಯ?" ಎಂದ ಎಲ್ವಿಯೋ.

"ಹುರಿ ಹಿಂದೆ ನೆಟ್ಟಗಾದಾಗ ಇದು ಕೈಗೆ ಹೇಳುತ್ತೆ. ಮೆಲ್ಲಗೆ ಒಂದು ಸಲ ಎಳೆದ ಹಾಗೆ. ನೋಡ್ಬೇಕಾಗೇ ಇಲ್ಲ."

ಬೇಸಿಲ್ ಅಲ್ಲಿಯವರೆಗೂ ಮುಖ ಗಂಟು ಹಾಕಿಕೊಂಡಿದ್ದ. ಈಗ ಹತ್ತಿರ ಬಂದು ಕೋಲಿನ ಬಾಗು ನೋಡಿದ. "ಒಂದ್ನಿಮಿಷ ತಾಯಿ," ಎಂದು ಅಂಗಡಿಗೆ ಓಡಿ ಇನ್ನೊಂದು ಹುರಿ ತಂದ, ಒಂದು ಅಂಕಿ ಹೆಚ್ಚು ತೂಕದ್ದು. "ಕೋಲಿನ ಮೇಲೆ ಏಳರ ಹುರಿ ಅಂತ ಬರೆದಿದೆ. ಬರೆದವನು ನಮ್ಮ ಗಾಳಿ ಕಂಡಿಲ್ಲ. ಎಂಟು ಹಾಕಿ ನೋಡು."

ಎಂಟರ ಹುರಿ ಹಾಕಿದ ಮೇಲೆ ಆ ಕೊಳಕು ಕೋಲು ಬುಡದವರೆಗೂ ಬಾಗಿ ಎದ್ದಿತು. ಹುರಿ ಗಾಳಿಯನ್ನು ಸೀಳಿ ಎಲ್ವಿಯೋನ ಗೂಟ, ಅದರಾಚೆ ಹುಲ್ಲಿನ ಮೇಲಿಟ್ಟಿದ್ದ ಹುಹಾನಾಳ ಚೀಲ ಎಲ್ಲವನ್ನೂ ದಾಟಿಹೋಯಿತು. ಆರ್ಮಿದಾ ಅಷ್ಟಕ್ಕೇ ಬಿಡಲಿಲ್ಲ. ಹುರಿ ಸುತ್ತಿಕೊಂಡು ಹತ್ತು ಹೆಜ್ಜೆ ದೂರದಲ್ಲಿ ತನ್ನ ಕರವಸ್ತ್ರ ಹಾಸಿ, ಅದರ ಮೇಲೆ ಮೆಲ್ಲಗೆ ಇಳಿಸಿ ನೋಡಿದಳು.

"ಅಷ್ಟು ಹತ್ತಿರಕ್ಕೆ ಕೋಲು ಯಾಕೆ? ಕೈಯಲ್ಲೇ ಎಸೀಬಹುದು," ಎಂದ ಎಲ್ವಿಯೋ.

"ಎಲ್ಲಿರ್ಬೇಕು ಅಂತ ಮೀನಿಗೆ ನೀನು ಕಾಗದ ಬರೆದು ತಿಳಿಸ್ತೀಯಾ? ನಿನ್ನ ಕಾಗದ ನನಗೆ ಗೊತ್ತಿಲ್ವ!"

ಆ ಕೋಲು ಅವಳದಾಯಿತು. ಕ್ರಿಸ್‌ಮಸ್ ಕಳೆಯಿತು, ಬೇಸಿಗೆ ಏರಿತು, ಮರಗಳಲ್ಲಿ ಜೀರುಂಡೆಗಳು ಕಿವಿ ಕಿತ್ತುಹೋಗುವಂತೆ ಕೂಗತೊಡಗಿದವು. ಜೀರುಂಡೆ ನೀರಿಗೆ ಬೀಳುವ ಕಾಲವೆಂದರೆ ದೊಡ್ಡ ಮೀನುಗಳು ಎಚ್ಚರ ತಪ್ಪುವ ಕಾಲ. ಗಂಡು ಹೆಣ್ಣು ಇಬ್ಬರೂ ಪಾದ್ರಿ ಮಡುವಿನಲ್ಲಿ ಸೊಂಟದ ನೀರಲ್ಲಿ ಅಕ್ಕಪಕ್ಕ ನಿಂತು ಬೀಸುವುದನ್ನು ನೋಡಲು ಜನ ಸೇರುತ್ತಿದ್ದರು. ಎಲ್ವಿಯೋ ತನ್ನ ಒನಕೆಯನ್ನು ಬಿಟ್ಟಿರಲಿಲ್ಲ. ಅವನದು ಹತ್ತರಲ್ಲಿ ಒಂದು ಸಲ ಆ ದಡ ಮುಟ್ಟುತ್ತಿತ್ತು, ಮುಟ್ಟಿದಾಗ ಮೀನೆಲ್ಲ ಓಡುವಷ್ಟು ಸದ್ದು ಮಾಡುತ್ತಿತ್ತು.

ಫೆಬ್ರವರಿಯ ಒಂದು ಭಾನುವಾರ, ಚರ್ಚು ಮುಗಿಸಿ ಬಂದ ಮೇಲೆ, ಆರ್ಮಿದಾಳ ಹುಸಿ ಜೀರುಂಡೆ ವಿಲೋ ಎಲೆಯೊಂದಕ್ಕೆ ತಾಗಿ ನೀರಿಗೆ ಜಾರಿತು. ನೀರು ಬಾಯಿ ತೆರೆಯಿತು. ಆಮೇಲಿನ ಕಾಲು ಗಂಟೆ ಅವಳು ತನ್ನ ಭಾಷೆಯಲ್ಲಿ ಹಾಕಿದ ಕೂಗಾಟದಲ್ಲಿ ದೇವರ ಹೆಸರೆಷ್ಟು, ಬೈಗುಳವೆಷ್ಟು ಎಂದು ಎಲ್ವಿಯೋ ನನಗೆ ಯಾವತ್ತೂ ಬಿಡಿಸಿ ಹೇಳಲಿಲ್ಲ. ಮೀನು ದಡಕ್ಕೆ ಬಂತು. ಎಲ್ವಿಯೋ ಬಲೆಯಲ್ಲಿ ಎತ್ತಿ, ಅವಳನ್ನೂ ಎತ್ತಿ, ಇಬ್ಬರನ್ನೂ ಹಿಡಿದುಕೊಂಡು ನೀರಲ್ಲೇ ಕುಣಿದ.

ಮಾರನೆಯ ದಿನದಿಂದ ಅವನ ಮುಖ ಇಳಿಯಿತು. ಮೂರನೆಯ ದಿನ ನನ್ನ ಕುರ್ಚಿಗೆ ಬಂದು ಕೂತ. "ಚೆನ್ನಾಗಿ ಕತ್ತರಿಸು ಸೆಲ್ವಿನ್. ಊರಿಗೆ ಹೋಗ್ತಿದ್ದೀವಿ. ಮಾತು ಅಂದ್ರೆ ಮಾತು. ಟ್ರಂಕು ಕಟ್ಟಿ ಆಯ್ತು."

ಅಷ್ಟರಲ್ಲಿ ಆರ್ಮಿದಾಳೇ ಬಾಗಿಲಿಗೆ ಬಂದಳು. "ಟ್ರಂಕು ಯಾಕೆ ಕಟ್ಟಿದ್ದೀಯ?"

"ನೀನೇ ಹೇಳಿದ್ದಲ್ವ, ಆ ದಡದ ಮೀನು ಹಿಡಿದ ದಿನ—"

"ನೀನು ಹಿಡಿ ಅಂದಿದ್ದೆ. ಹಿಡಿದವಳು ನಾನು. ನೀನಿನ್ನೂ ಹಿಡಿದಿಲ್ಲವಲ್ಲ?"

ಎಲ್ವಿಯೋ ಕನ್ನಡಿಯಲ್ಲಿ ಅವಳನ್ನು ನೋಡುತ್ತಲೇ ಕೂತ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಭುಜದ ಮೇಲಿದ್ದ ನನ್ನ ಕೈಗೆ ಅವನ ಉಸಿರು ಹಗುರಾದದ್ದು ಗೊತ್ತಾಯಿತು.

"ಇನ್ನೂ ಎಷ್ಟು ವರ್ಷ ಹಿಡಿಯುತ್ತೋ," ಎಂದ ಮೆಲ್ಲಗೆ.

"ನಿನ್ನ ಬೀಸು ನೋಡಿದ್ರೆ ಬಹಳ ವರ್ಷ. ನಾನಂದ ಒಂದು ಬೇಸಿಗೆ ಎಲ್ಲಿ ಸಾಕು," ಎಂದಳು ಅವಳು.

ಈಸ್ಟರ್ ಕಳೆದ ಮೇಲೆ ಅವರ ಮದುವೆ ಆಯಿತು. ಹುಹಾನಾಳ ಕಡೆಯವರು ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಹಂದಿಮಾಂಸ, ಗೆಣಸು ಬೇಯಿಸಿದರು. ಸುರಂಗದ ಆಳುಗಳು ಹಾಡಿದರು. ಆರ್ಮಿದಾ ತನ್ನ ತಾಮ್ರದ ಪಾತ್ರೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಡಿ ಎಲ್ಲರಿಗೂ ಹೊಗೆಯಲ್ಲಿ ಬೇಯಿಸಿದ ಟ್ರೌಟಿನ ಜೊತೆ ಬಡಿಸಿದಳು. ಸುರಂಗದ ಕೆಲಸ ಮುಗಿದು ಇಟಲಿಯವರು ಬಹುಪಾಲು ಹೊರಟುಹೋದರೂ ಇವರು ಹೋಗಲಿಲ್ಲ. ಎಲ್ವಿಯೋ ರಸ್ತೆ ಕೆಲಸಕ್ಕೆ ಸೇರಿದ. ಇಬ್ಬರು ಹೆಣ್ಣುಮಕ್ಕಳಾದರು.

ಎಪ್ಪತ್ತೆಂಟರಲ್ಲಿ ನಮ್ಮೂರಿಗೆ ಕಾರ್ಬನ್ ಕೋಲುಗಳು ಬಂದವು. ಪೆನ್ಸಿಲಿನಷ್ಟು ತೆಳ್ಳಗೆ, ಹಕ್ಕಿಗರಿಯಷ್ಟು ಹಗುರ. ಆ ಜನವರಿಯಲ್ಲಿ ಮೈದಾನದಲ್ಲಿ ದೂರ ಬೀಸುವ ಪಂದ್ಯ ನಡೆದಾಗ ಆಕ್ಲೆಂಡಿನಿಂದ ಬಂದ ಒಬ್ಬ ಮಾರಾಟಗಾರ ಎಲ್ವಿಯೋನ ತೋಳು ನೋಡಿ ಒಂದು ಕೋಲು ಅವನ ಕೈಗೆ ಕೊಟ್ಟ. ಆರು ವರ್ಷ ಹೆಂಡತಿಯಿಂದ ಬೈಸಿಕೊಂಡು ಬೈಸಿಕೊಂಡು ಎಲ್ವಿಯೋ ಅಷ್ಟು ಹೊತ್ತಿಗೆ ಕಾಯುವುದನ್ನು ಕಲಿತಿದ್ದ. ಆ ಬಿರುಸು ಕೋಲು ಅವನ ಬಲಕ್ಕೆ ತಕ್ಕ ಹಾಗೆ ಎದ್ದಿತು. ಹತ್ತೊಂಬತ್ತು ಮಾರು! ಮೊದಲ ಬಹುಮಾನ ಅವನಿಗೆ, ಎರಡನೆಯದು ಹುಹಾನಾಳಿಗೆ, ಮೂರನೆಯದು ಆರ್ಮಿದಾಳಿಗೆ. ಕಡ್ಡಿಮುರುಕನನ್ನು ಜನ ಹೆಗಲ ಮೇಲೆ ಹೊತ್ತರು.

"ಇದನ್ನೇ ತಗೋತೀನಿ," ಎಂದ ಎಲ್ವಿಯೋ ಕೋಲನ್ನು ಎದೆಗೆ ಅವಚಿಕೊಂಡು.

"ಹುಲ್ಲಿನ ಮೇಲೆ ಗೆದ್ದಿದ್ದೀಯ, ಸಂತೋಷ," ಎಂದಳು ಆರ್ಮಿದಾ. "ಹುಲ್ಲಲ್ಲಿ ಮೀನು ಎಲ್ಲಿದೆ? ಒಂದು ವಾರ ಹೊಳೇಲಿ ನೋಡಿ ಆಮೇಲೆ ತಗೋ."

ಹೊಳೆಯಲ್ಲಿ ಆ ಕೋಲಿನ ಇನ್ನೊಂದು ಮುಖ ಕಂಡಿತು. ಗಾಳ ಆ ದಡವನ್ನು ಸಲೀಸಾಗಿ ಮುಟ್ಟಿತು, ಮೀನೂ ಕಚ್ಚಿತು. ಆದರೆ ಎಲ್ವಿಯೋ ಎಳೆದ ಕೂಡಲೇ ತುದಿಯ ನೈಲಾನ್ ಎಳೆ ಪಟ್ ಎಂದು ಹರಿಯಿತು. ಎರಡನೆಯ ಮೀನೂ ಹಾಗೆಯೇ, ಮೂರನೆಯದೂ ಹಾಗೆಯೇ. ಅಷ್ಟು ಬಿರುಸಾದ ಕೋಲಿಗೆ ಮೀನಿನ ಜಗ್ಗಾಟಕ್ಕೆ ಬಗ್ಗಿಕೊಡುವುದೇ ತಿಳಿಯದು.

ಆರ್ಮಿದಾ ಅವನನ್ನು ಹಂಗಿಸಲಿಲ್ಲ. ಆ ಮಾರಾಟಗಾರ ಬೇಸಿಲ್‌ನ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಉಳಿದ ಕಾರ್ಬನ್ ಕೋಲುಗಳನ್ನೆಲ್ಲ ಗಂಡನ ಕೈಗೆ ಒಂದೊಂದಾಗಿ ಕೊಟ್ಟು, ತಾನು ಹಿಂದೆ ನಿಂತು, ಕೋಲನ್ನು ಬಿಟ್ಟು ಅವನ ಭುಜವನ್ನೇ ನೋಡಿದಳು. ನಾಲ್ಕನೆಯ ಕೋಲಿಗೆ ಅವನ ಭುಜ ಸಡಿಲಾಯಿತು. "ಇದು," ಎಂದಳು. ಪಂದ್ಯದ ಕೋಲಿಗಿಂತ ಎರಡು ಮಾರು ಕಡಿಮೆ ಬೀಸುವ, ತುದಿ ಮೆತ್ತಗಿರುವ ಕೋಲು ಅದು.

ಆ ಕೋಲಿಂದ ಎಲ್ವಿಯೋ ಹಿಡಿದ ಮೊದಲ ದೊಡ್ಡ ಕಂದು ಟ್ರೌಟ್ ಎಲ್ಲಿ ಸಿಕ್ಕಿತು ಗೊತ್ತೆ? ಈ ದಡದಲ್ಲಿ, ಅವನ ಕಾಲಿನಿಂದ ಎಂಟು ಹೆಜ್ಜೆ ದೂರದಲ್ಲಿ, ಒಂದು ಬಂಡೆಯ ಪಕ್ಕ. ಹತ್ತು ವರ್ಷ ಅದರ ಅಪ್ಪ ಅಜ್ಜಂದಿರ ತಲೆಯ ಮೇಲಿಂದಲೇ ಹುರಿ ಬೀಸುತ್ತಿದ್ದ.

"ಇದು ಲೆಕ್ಕಕ್ಕಿಲ್ಲ!" ಎಂದು ಅವನೇ ಮೊದಲು ಕೂಗಿದ. "ಇದು ಈ ದಡದ್ದು. ಊರಿಗೆ ಹೋಗೋ ಮಾತು ಎತ್ತಬೇಡ."

"ಎತ್ತಿದವರು ಯಾರು?" ಎಂದಳು ಆರ್ಮಿದಾ, ಮೀನಿನ ಹೊಟ್ಟೆ ಸೀಳುತ್ತ.

ಬೇಸಿಲ್ ಅದನ್ನೆಲ್ಲ ಗಮನಿಸಿದ್ದ. ಆ ವರ್ಷದಿಂದ ಆರ್ಮಿದಾ ಅವನ ಅಂಗಡಿಯಲ್ಲಿ ಕೆಲಸಕ್ಕೆ ಬಂದಳು. ಶನಿವಾರ ಬೆಳಿಗ್ಗೆ ಕೋಲು ಕೊಳ್ಳುವವರೆಲ್ಲ ಅವಳ ಹಿಂದೆ ಮೈದಾನಕ್ಕೆ ಸಾಲಾಗಿ ಹೋಗುವುದು ನಮ್ಮೂರಿನ ಪದ್ಧತಿಯೇ ಆಯಿತು. ಹಲಗೆ ಗೋಡೆಯ ಈಚೆ ನನಗೆಲ್ಲ ಕೇಳಿಸುತ್ತಿತ್ತು. "ಯಾವ ಹೊಳೆ? ಗಾಳಿ ಎದುರಿಂದ ಬರುತ್ತಾ, ಪಕ್ಕದಿಂದಾನಾ? ಸೊಂಟದ ನೀರಲ್ಲಿ ನಿಲ್ತೀರೋ, ದಡದಲ್ಲೋ? ಕೈ ತೋರ್ಸಿ." ಒಮ್ಮೆ ವೆಲಿಂಗ್ಟನ್‌ನಿಂದ ಬಂದ ಒಬ್ಬ ನ್ಯಾಯಾಧೀಶರು ಅಂಗಡಿಯಲ್ಲಿ ಎಲ್ಲಕ್ಕಿಂತ ದುಬಾರಿಯ ಕೋಲೇ ಬೇಕೆಂದು ಹಟ ಹಿಡಿದರು. ಆರ್ಮಿದಾ ಅವರನ್ನು ಮೈದಾನಕ್ಕೆ ಕರೆದೊಯ್ದು ಒಂದು ಗಂಟೆ ಬೀಸಿಸಿದಳು. ಹೊರಡುವಾಗ ಅವರ ಕೈಯಲ್ಲಿ ಅದರ ಕಾಲು ಭಾಗ ಬೆಲೆಯ ಕೋಲಿತ್ತು. ಹಾಗೆ ಮಾಡಿದ್ದಕ್ಕೆ ಬೇಸಿಲ್ ಅರ್ಧ ದಿನ ಗೊಣಗಿದ. ಮುಂದಿನ ತಿಂಗಳು ನ್ಯಾಯಾಧೀಶರು ನಾಲ್ವರು ಗೆಳೆಯರನ್ನು ಕರೆತಂದಾಗ ಗೊಣಗಾಟ ನಿಂತಿತು.

ಇಷ್ಟು ಜನಕ್ಕೆ ಆರಿಸಿಕೊಟ್ಟ ಆರ್ಮಿದಾಳಿಗೆ ಬಹಳ ಕಷ್ಟವಾದ ಕೋಲು ಒಂದೇ ಒಂದು. ಅದು ಹುಹಾನಾ ಅತ್ತೆಯದು.

ಎಂಬತ್ತಾರರ ಚಳಿಗಾಲದಲ್ಲಿ ಹುಹಾನಾಳಿಗೆ ಲಕ್ವ ಹೊಡೆಯಿತು. ಬದುಕಿ ಮನೆಗೆ ಬಂದಳು, ಮಾತು ಮೊದಲಿನಷ್ಟೇ ಖಾರ. ಆದರೆ ಬಲಗೈ ಮಡಿಲಲ್ಲಿ ಬಿದ್ದಿತ್ತು. ನೋಡಲು ಹೋದವರೆದುರು ಹೊಳೆಯ ಮಾತೇ ಎತ್ತುತ್ತಿರಲಿಲ್ಲ. ಕಿಟಕಿಯಿಂದ ಹೊಳೆ ಕಾಣುತ್ತದೆಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಅದನ್ನು ಕಂಡು ಬಂದ ಆರ್ಮಿದಾ ಆ ಸಂಜೆಯೇ ಅಂಗಡಿಯ ಕೋಲುಗಳನ್ನೆಲ್ಲ ಒಂದೊಂದಾಗಿ ಕೈಗೆತ್ತಿ ನೋಡಿದಳು.

ಮಾರನೆಯ ದಿನದಿಂದ ಅವಳು ಮೈದಾನದಲ್ಲಿ ಎಡಗೈಯಲ್ಲಿ ಬೀಸತೊಡಗಿದಳು. ಹದಿನೈದು ವರ್ಷದ ಪಳಗಿದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು, ಹೊಸಬಳ ಹಾಗೆ ಹುರಿಯನ್ನು ಕಿವಿಗೆ, ಟೋಪಿಗೆ ಸಿಕ್ಕಿಸಿಕೊಂಡು. ನೋಡಿದವರು ನಕ್ಕರು.

"ಏನೇ ಇದು?" ಎಂದ ಎಲ್ವಿಯೋ.

"ಅತ್ತೆ ಕೈಗೆ ಹೇಗನ್ಸುತ್ತೆ ಅಂತ ನನ್ನ ಬಲಗೈಗೆ ಗೊತ್ತಾಗಲ್ಲ."

ಮೂರು ವಾರ ಹಾಗೆ ಬೀಸಿದಳು. ಅಂಗಡಿಯಲ್ಲಿದ್ದ ಎಲ್ಲ ಕೋಲುಗಳೂ ಅವಳ ಎಡಗೈ ಹಾದುಹೋದವು. ಕೊನೆಗೆ ಎಂಟೂವರೆ ಅಡಿಯ ಒಂದು ಹಗುರ ಕೋಲು ನಿಂತಿತು. ನಿಧಾನವಾಗಿ ಬಾಗುವುದು, ಅವಸರ ಮಾಡದ್ದು. ಬೆರಳು ಪೂರ್ತಿ ಬಿಗಿಯದಿದ್ದರೂ ಜಾರದಿರಲೆಂದು ಹಿಡಿಗೆ ಸೈಕಲ್ ಹ್ಯಾಂಡಲಿನ ಪಟ್ಟಿ ಸುತ್ತಿದಳು. ಹುರಿ ಎಳೆಯಲು ಇನ್ನೊಂದು ಕೈ ಇಲ್ಲವಲ್ಲ, ಅದಕ್ಕೆ ಸ್ಪ್ರಿಂಗ್ ಒತ್ತಿದರೆ ತಾನೇ ಸುತ್ತಿಕೊಳ್ಳುವ ರೀಲು ಹಾಕಿದಳು.

ಅದನ್ನು ಹಿಡಿದು ಹೋದಾಗ ಹುಹಾನಾ ಮುಖ ತಿರುಗಿಸಿದಳು. "ತಗೊಂಡ್ಹೋಗು ಅದನ್ನ. ಆಡೋ ಮಕ್ಕಳಿಗೆ ಕೊಡು."

"ಮಕ್ಕಳಿಗೆ ಇಷ್ಟು ಕಷ್ಟಪಟ್ಟು ಯಾರು ಆರಿಸ್ತಾರೆ ಅತ್ತೆ? ನನ್ನ ಎಡಭುಜ ನೋಡಿ, ಊದಿಕೊಂಡಿದೆ."

"ನೀನ್ಯಾಕೆ ಎಡಗೈಯಲ್ಲಿ ಬೀಸಿದೆ?"

ಆರ್ಮಿದಾ ಕೋಲನ್ನು ಅವಳ ಮುಂದೆ ಹಿಡಿದಳು. ಹುಹಾನಾ ಅವಳ ಭುಜ ಮುಟ್ಟಿ ನೋಡಿದಳು. ಆಮೇಲೆ ಕೋಲಿಗೆ ಎಡಗೈ ಚಾಚಿದಳು.

ವಸಂತವೆಲ್ಲ ಮೈದಾನದಲ್ಲಿ ಕಳೆಯಿತು. ಈಗ ಕೂಗುವವಳು ಆರ್ಮಿದಾ, ಬೈಸಿಕೊಳ್ಳುವವಳು ಎಪ್ಪತ್ತೊಂದರ ಹುಹಾನಾ. ಬೈದಷ್ಟಕ್ಕೆ ಎರಡು ಪಾಲು ತಿರುಗಿಸಿ ಬೈಯುತ್ತಿದ್ದಳು ಅನ್ನಿ. ಮೊದಲು ಎರಡು ಮಾರು, ಆಮೇಲೆ ನಾಲ್ಕು. ಡಿಸೆಂಬರಿನಲ್ಲಿ ಆರು.

"ಹಿಂದೆ ಹದಿನೆಂಟು ಬೀಸ್ತಿದ್ದೆ," ಎಂದಳು ಒಂದು ದಿನ, ಹುಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತ.

"ಆರು ಮಾರಿನೊಳಗೆ ಮೀನಿಲ್ವ?" ಎಂದಳು ಆರ್ಮಿದಾ.

"ಎಷ್ಟು ಬೇಕೋ ಅಷ್ಟಿದೆ. ನಿನ್ನ ಗಂಡನನ್ನ ಕೇಳು."

ಜನವರಿಯ ಒಂದು ಮಧ್ಯಾಹ್ನ, ತೊರೆ ಸರೋವರಕ್ಕೆ ಸೇರುವ ಜಾಗಕ್ಕೆ ಅವಳನ್ನು ಕರೆದೊಯ್ದೆವು. ನಾನು, ಬೇಸಿಲ್, ಆರ್ಮಿದಾ, ಎಲ್ವಿಯೋ. ನೀರೊಳಗೆ ಒಂದು ಗಟ್ಟಿ ಸ್ಟೂಲು ಇಟ್ಟು ಕೂರಿಸಿದೆವು. ಎಲ್ವಿಯೋ ಅವಳ ಹಿಂದೆ ತನ್ನ ಇಡೀ ಮೈಯನ್ನು ಕುರ್ಚಿಯ ಬೆನ್ನಿನಂತೆ ಒಡ್ಡಿ ನಿಂತ. ಹುಹಾನಾ ಮೂರು ಸಲ ಬೀಸಿದಳು, ಮೂರೂ ಸಲ ಹುರಿ ಸೊಟ್ಟಗೆ ಬಿತ್ತು. ನಾಲ್ಕನೆಯದು ನೆಟ್ಟಗೆ ಹೋಗಿ, ತೊರೆಯ ನೀರು ಸರೋವರಕ್ಕೆ ಬೆರೆಯುವ ಅಂಚಿನಲ್ಲಿ ಇಳಿಯಿತು. ಹುರಿ ಬಿಗಿಯಾಯಿತು. ಕೋಲು ಹಿಡಿಯವರೆಗೂ ಬಾಗಿತು. ಆಚೆ ಒಂದು ಮಳೆಬಿಲ್ಲು ಟ್ರೌಟ್ ನೀರಿಂದ ಚಿಮ್ಮಿ ಬೆಳ್ಳಿಯಂತೆ ಹೊಳೆದು ಬಿತ್ತು.

ನಾವು ಯಾರೂ ಅಲುಗಾಡಲಿಲ್ಲ. ಆರ್ಮಿದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿ‌ದ್ದಳು.

"ಏನ್ರೋ ಎಲ್ಲ ಬಾಯಿಬಿಟ್ಕೊಂಡು ನಿಂತಿದ್ದೀರ?" ಹುಹಾನಾ ಗುಡುಗಿದಳು. "ನನಗಿರೋದು ಒಂದೇ ಕೈ. ಯಾರಾದ್ರೂ ಬಲೆ ಹಿಡೀರಿ! ಬೇಸಿಲ್, ನೀನಲ್ಲ, ನೀನು ಬೀಳ್ತೀಯ!"

ಬೇಸಿಲ್ ಆಗಲೇ ಬಿದ್ದಿದ್ದ.